ಎಲ್ಲದಕ್ಕೂ 'ಹೂಂ' ಅನ್ನುವ ಕಕ್ಷಿದಾರರು

ಹೊಸನಗರದಲ್ಲಿ ಈಗಷ್ಟೇ ಪ್ರಾಕ್ಟೀಸ್ ಶುರು ಮಾಡಿದ್ದೀರಿ. ಅರಣ್ಯ ಹಕ್ಕಿನ ಅರ್ಜಿಗೆ ಬರುವ ಹಸಲರು (ಪರಿಶಿಷ್ಟ ಪಂಗಡದ ಒಂದು ಸಮುದಾಯ) ಆಫೀಸಲ್ಲಿ ಎಲ್ಲದಕ್ಕೂ 'ಹೂಂ' ಅಂದು, ವಿಚಾರಣೆಯಲ್ಲಿ ಬೇರೆಯೇ ಹೇಳ್ತಾರೆ, ಯಾಕೆ ಅಂತ ಕೇಳಿದ್ದೀರಿ. ಅವರು ಸುಳ್ಳು ಹೇಳ್ತಿಲ್ಲ. ಆ 'ಹೂಂ' ಅಂದರೆ 'ಕೇಳಿಸ್ತು' ಅಂತ, 'ಒಪ್ಪಿದೆ' ಅಂತಲ್ಲ. ಆಸ್ಟ್ರೇಲಿಯಾದಲ್ಲೂ ಇದೇ ಕಥೆ. ಮೂಲನಿವಾಸಿಗಳನ್ನು ವಿಚಾರಿಸುವಾಗ ಬೇಕಾದ ಉತ್ತರ ಪ್ರಶ್ನೆಯಲ್ಲೇ ಇರಬಾರದು ಅಂತ 1976ರ ಅನುಂಗಾ ತೀರ್ಪು ಪೊಲೀಸರಿಗೆ ಹೇಳಿತ್ತು.

ಅರಣ್ಯ ಹಕ್ಕು ಕಾಯ್ದೆಯ ಗಡುವು ಹಿಡಿದು '2005ರ ಡಿಸೆಂಬರ್ 13ಕ್ಕೆ ಮೊದಲೇ ಸ್ವಾಧೀನದಲ್ಲಿದ್ರಾ?' ಅಂದರೆ 'ಹೂಂ' ಬಿಟ್ಟು ಇನ್ನೇನು ಬರುತ್ತೆ? ನಾನೂ ಹಾಗೇ ಕೇಳ್ತಿದ್ದೆ. ಒಮ್ಮೆ ಫೈಲು ಬಿಟ್ಟು ಒಬ್ಬ ಅಜ್ಜಿಯ ಮನೆಗೇ ಹೋದೆ. 'ಈ ಹಲಸು ಯಾರು ನೆಟ್ಟಿದ್ದು?' ಅಂದೆ. ಅಜ್ಜಿ ಬುಡದ ಮೇಲೆ ಕೈಯಿಟ್ಟು, 'ನಮ್ಮತ್ತೆ. ಲಿಂಗನಮಕ್ಕಿ ನೀರು ನಿಂತ ವರ್ಷ' ಅಂದರು. ಅಂದರೆ 1964ರ ಸುಮಾರು! ಆಮೇಲೆ ಬಾವಿ, ಬದು, ಮಾವನ ಸಮಾಧಿ ಒಂದೊಂದೇ ತೋರಿಸಿದರು. ಆ ಕಾಯ್ದೆಯ ನಿಯಮ 13ರಲ್ಲಿ ಇವೆಲ್ಲ ಸಾಕ್ಷ್ಯವೇ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆದುಕೊಂಡರೂ ನಡೆಯುತ್ತೆ. ಇತರ ಅರಣ್ಯವಾಸಿಗಳಿಗೆ ಬೇಕಾಗುವ 75 ವರ್ಷದ ದಾಖಲೆ ಪರಿಶಿಷ್ಟ ಪಂಗಡದವರಿಗೆ ಬೇಕಿಲ್ಲ, ಸುಮ್ನೆ ಅದನ್ನು ಕೇಳಿ ಹೆದರಿಸಬೇಡಿ.

ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯಿರಿ. ಅವರು ಯೋಚಿಸೋದರೊಳಗೆ ನಾವೇ ಉತ್ತರ ಹೇಳಿಬಿಡ್ತೀವಿ, ಅಲ್ವಾ? ಬರೆದಿದ್ದನ್ನು ಓದಿ ಹೇಳಿ. 'ಅರ್ಥ ಆಯ್ತಾ' ಅನ್ನಬೇಡಿ, 'ಮನೆಗೆ ಹೋಗಿ ಮಗನಿಗೆ ಏನಂತ ಹೇಳ್ತೀರಿ?' ಅಂತ ಕೇಳಿ. ಏಕವಚನ ಮಾತ್ರ ಬೇಡವೇ ಬೇಡ, ನಮ್ಮ ಕಡೆ ಅದು ಜಾಸ್ತಿ. ಕರಿಕೋಟು ಆಫೀಸಲ್ಲೇ ಇರಲಿ.