ಸ್ಕ್ರೇಪಿ ಪರೀಕ್ಷೆ ನೆಗೆಟಿವ್ ಬಂದ ಕುರಿಯನ್ನು ಸೋಂಕಿಲ್ಲದ ಕುರಿ ಅಂತ ಲೆಕ್ಕ ಹಾಕಬಹುದೇ?

ನೀವು ಕೇಳಿದ್ದು ಇಷ್ಟು: ಸ್ಕ್ರೇಪಿ, ಅಂದರೆ ಕುರಿ-ಮೇಕೆಗಳ ಮೆದುಳು ಕೆಡಿಸಿ ಕೊಲ್ಲುವ ರೋಗ, ಕಾಣಿಸಿಕೊಂಡ ಮಂದೆಯಲ್ಲಿ ಬದುಕಿರುವ ಕುರಿ-ಮೇಕೆಗಳಿಗೆ ಗುದನಾಳದ ಬಯಾಪ್ಸಿ ಮಾಡಿದ್ದೀರಿ, ಸತ್ತವುಗಳ ಮೆದುಳು ಪರೀಕ್ಷಿಸಿದ್ದೀರಿ. ನೆಗೆಟಿವ್ ಬಂದವನ್ನೆಲ್ಲ ಅಧ್ಯಯನದ ಕಂಟ್ರೋಲ್ ಗುಂಪಿಗೆ (ಹೋಲಿಕೆಗೆ ಇಡುವ ಸೋಂಕಿಲ್ಲದ ಗುಂಪು) ಹಾಕಬಹುದೇ?

ಹಾಕಬೇಡಿ. ಸ್ಕ್ರೇಪಿಯಲ್ಲಿ ಪಾಸಿಟಿವ್ ಫಲಿತಾಂಶವನ್ನು ಬಹುಮಟ್ಟಿಗೆ ನಂಬಬಹುದು. ನೆಗೆಟಿವ್ ಬಂದರೆ ಮಾತ್ರ ಪ್ರಾಣಿಯ ಜೀನೋಟೈಪ್ (ಜೀನ್ ಯಾವ ರೂಪದ್ದು) ಏನು, ವಯಸ್ಸೆಷ್ಟು, ಯಾವ ಜಾಗದ ಅಂಗಾಂಶ ತೆಗೆದದ್ದು ಎಂಬುದು ಗೊತ್ತಿಲ್ಲದೆ ಅದಕ್ಕೆ ಬೆಲೆಯಿಲ್ಲ.

ಕಾರಣ ರೋಗ ಹರಡುವ ದಾರಿಯಲ್ಲೇ ಇದೆ. ಮರಿ ಹುಟ್ಟಿದ ಹೊಸದರಲ್ಲಿ ಬಾಯಿಯ ಮೂಲಕ ಪ್ರಿಯಾನ್, ಅಂದರೆ ಈ ರೋಗ ತರುವ ತಪ್ಪಾಗಿ ಮಡಚಿಕೊಂಡ ಪ್ರೋಟೀನ್, ಒಳಗೆ ಹೋಗುತ್ತದೆ. ಮೊದಲು ಕರುಳಿನ ಗೋಡೆಯ ರೋಗನಿರೋಧಕ ಅಂಗಾಂಶದ ತೇಪೆಗಳಾದ ಪೇಯರ್ ಪ್ಯಾಚ್‌ಗಳಲ್ಲಿ, ಆಮೇಲೆ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಸೇರಿಕೊಳ್ಳುತ್ತದೆ. ಅಲ್ಲಿಂದ ಕರುಳಿನ ನರಜಾಲ, ಕರುಳನ್ನು ಮೆದುಳಿಗೆ ಜೋಡಿಸುವ ವೇಗಸ್ ನರ ಹಿಡಿದು ಮೆದುಳಿನ ಕಾಂಡಕ್ಕೆ ಏರುತ್ತದೆ. ಹೊರಗೆ ಲಕ್ಷಣ ಕಾಣುವುದು ಸಾಮಾನ್ಯವಾಗಿ 2ರಿಂದ 5ನೇ ವರ್ಷದಲ್ಲಿ. ಅಂದರೆ ಒಂದು ವರ್ಷದ ಕುರಿಯ ಮೆದುಳು ಸ್ವಚ್ಛವಾಗಿದ್ದೂ ಅದರ ಗ್ರಂಥಿಗಳ ತುಂಬ ಪ್ರಿಯಾನ್ ಇರಬಹುದು. ಇಂಥ ಪ್ರಾಣಿಯಿಂದ ಬರೀ ಮೆದುಳಷ್ಟೇ ತೆಗೆದಿದ್ದರೆ ನಿಮ್ಮ ನೆಗೆಟಿವ್ ಅರ್ಧ ಮಾತ್ರ ನಿಜ. ಆದ್ದರಿಂದ ಗಂಟಲ ಹಿಂಭಾಗದ ರೆಟ್ರೋಫ್ಯಾರಿಂಜಿಯಲ್ ಗ್ರಂಥಿಯನ್ನೂ ತಪ್ಪದೆ ತೆಗೆಯಿರಿ.

ಇದಕ್ಕೆ ಉಲ್ಟಾ ಪ್ರಕರಣವೂ ಉಂಟು. ಕುರಿಯ ಪ್ರಿಯಾನ್ ಜೀನ್‌ನಲ್ಲಿ 136, 154, 171ನೇ ಕೋಡಾನ್‌ಗಳನ್ನು (ಪ್ರೋಟೀನಿನ ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುವ ಜಾಗಗಳು) ನೋಡಿ ಜೀನೋಟೈಪ್ ಬರೆಯುತ್ತಾರೆ. ಆ ಮೂರು ಅಮೈನೋ ಆಮ್ಲಗಳ ಅಕ್ಷರಗಳು ವಿಆರ್‌ಕ್ಯೂ ಇದ್ದರೆ ಕ್ಲಾಸಿಕಲ್ ಸ್ಕ್ರೇಪಿಗೆ (ಮಂದೆಯಲ್ಲಿ ಹರಡುವ ಸಾಮಾನ್ಯ ಬಗೆ) ಬೇಗ ತುತ್ತು, ಎಆರ್‌ಆರ್ ಎರಡು ಪ್ರತಿ ಇದ್ದರೆ ಬಹಳ ಗಟ್ಟಿ. ನಡುವೆ ಇರುವವೇ ತಲೆನೋವು. ಎಆರ್‌ಆರ್ ಒಂದೇ ಪ್ರತಿ ಇದ್ದು ಹೇಗೋ ಸೋಂಕು ತಗುಲಿದ ಕುರಿಯಲ್ಲಿ ದುಗ್ಧ ಅಂಗಾಂಶಗಳಲ್ಲಿ ಪ್ರಿಯಾನ್ ಸಿಗದೆ ಹೋಗುವುದೇ ಹೆಚ್ಚು. ಮೆದುಳಲ್ಲಿ ಮಾತ್ರ ಇರುತ್ತದೆ. ಇಂಥ ಕುರಿಗೆ ಎಷ್ಟು ಸಲ ಗುದನಾಳದ ಬಯಾಪ್ಸಿ ಮಾಡಿದರೂ ನೆಗೆಟಿವ್ ಬರುತ್ತಲೇ ಇರುತ್ತದೆ. ಇನ್ನು ಬಯಾಪ್ಸಿಯ ತುಣುಕಿನಲ್ಲಿ ದುಗ್ಧಕೋಶಗಳ ಗುಚ್ಛಗಳಾದ ಲಿಂಫಾಯ್ಡ್ ಫಾಲಿಕಲ್‌ಗಳು ಸಾಕಷ್ಟು ಇರಬೇಕು. ವಯಸ್ಸಾದಂತೆ ಅವು ಕಡಿಮೆಯಾಗುತ್ತವೆ, ಒಂದೇ ಜಾಗದಿಂದ ಮತ್ತೆ ಮತ್ತೆ ತೆಗೆದರೂ ಅಷ್ಟೇ. ಫಾಲಿಕಲ್ ಎಣಿಸದೆ ‘ನೆಗೆಟಿವ್’ ಅಂತ ಕೊಟ್ಟ ವರದಿಯನ್ನು ವಾಪಸ್ ಕಳಿಸಿ. ಫಾಲಿಕಲ್ ಸಾಲದಿದ್ದರೆ ಅದು ‘ಮಾದರಿ ಸಾಲದು’, ನೆಗೆಟಿವ್ ಅಲ್ಲ.

ಮೇಕೆಗಳ ಲೆಕ್ಕವೇ ಬೇರೆ. ಕುರಿಗೆ ಬಳಸುವ ಮೂರು ಕೋಡಾನ್‌ಗಳ ಪಟ್ಟಿಯನ್ನು ಮೇಕೆಗೂ ಹಚ್ಚಿದರೆ ಹೆಚ್ಚುಕಮ್ಮಿ ಎಲ್ಲ ಮೇಕೆಗಳೂ ಒಂದೇ ಥರ ಕಾಣುತ್ತವೆ, ಏನೂ ತಿಳಿಯುವುದಿಲ್ಲ. ಅವುಗಳಲ್ಲಿ ರಕ್ಷಣೆ ಕೊಡುವುದು 222ನೇ ಜಾಗದ ಲೈಸಿನ್, 146ನೇ ಜಾಗದ ಸೆರಿನ್ ಅಥವಾ ಆಸ್ಪಾರ್ಟಿಕ್ ಆಮ್ಲ. ಪ್ರಯೋಗಾಲಯಕ್ಕೆ ಮಾದರಿ ಕಳಿಸುವಾಗ ‘ಮೇಕೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಈ ಎರಡು ಕೋಡಾನ್‌ ಬೇಕೆಂದು ಹೆಸರಿಸಿಯೇ ಕೇಳಿ.

ಇನ್ನು ಮೆದುಳಿನ ಮಾದರಿ. ಹೆಚ್ಚು ಕೆಲಸ ಕೆಡುವುದು ಇಲ್ಲೇ. ಬೇಕಾದದ್ದು ಒಬೆಕ್ಸ್: ಮೆದುಳಿನ ಕಾಂಡದ ಹಿಂತುದಿಯಾದ ಮೆಡುಲಾದ ಮೇಲ್ಭಾಗದಲ್ಲಿ ನಾಲ್ಕನೇ ಕುಹರ ಮುಚ್ಚಿಕೊಂಡು ‘ವಿ’ ಆಕಾರದ ಮೂಲೆಯಾಗುವ ಜಾಗ. ವೇಗಸ್ ನರದ ಬೆನ್ನಿನ ಕಡೆಯ ನ್ಯೂಕ್ಲಿಯಸ್ (ನರಕೋಶಗಳ ಗುಂಪು) ಇರುವುದು ಅಲ್ಲೇ. ಕರುಳಿನಿಂದ ಬಂದ ಪ್ರಿಯಾನ್ ಮೆದುಳಿನಲ್ಲಿ ಮೊದಲು ಕಾಲಿಡುವ ಜಾಗಗಳಲ್ಲಿ ಅದೊಂದು. ತಲೆ ಕತ್ತರಿಸಿದ ಮೇಲೆ ತಲೆಬುರುಡೆಯ ಹಿಂದಿನ ದೊಡ್ಡ ರಂಧ್ರದಿಂದ ಉದ್ದ ಹಿಡಿಯ ಚಮಚ ತೂರಿಸಿ, ಸುತ್ತಲ ನರಗಳನ್ನು ಬಿಡಿಸಿಕೊಂಡು, ಮೆಡುಲಾವನ್ನು ಇಡಿಯಾಗಿ ಜಾರಿಸಿ ತೆಗೆಯಬೇಕು. ಅವಸರದಲ್ಲಿ ಎಳೆದರೆ ಒಬೆಕ್ಸ್‌ನಿಂದ ಕೆಳಗಿನ ಬೆನ್ನುಹುರಿಯ ತುಂಡಷ್ಟೇ ಕೈಗೆ ಬರುತ್ತದೆ. ನೋಡಲು ಬೆಳ್ಳಗೆ, ಚೆನ್ನಾಗಿಯೇ ಇರುತ್ತದೆ, ಪರೀಕ್ಷೆಗೆ ನಂಬುವಂಥದ್ದಲ್ಲ. ಸಿಕ್ಕಿದ ಒಬೆಕ್ಸನ್ನು ನಡುಗೆರೆಯಲ್ಲಿ ಎಡ-ಬಲವಾಗಿ ಸೀಳಿ. ಒಂದು ಅರ್ಧ ಫ್ರೀಜರ್‌ಗೆ, ಪ್ರಿಯಾನ್ ಪ್ರೋಟೀನ್ ಪತ್ತೆಹಚ್ಚುವ ಪರೀಕ್ಷೆಗಳಾದ ಎಲೈಸಾ ಮತ್ತು ವೆಸ್ಟರ್ನ್ ಬ್ಲಾಟ್‌ಗಾಗಿ. ಇನ್ನರ್ಧ 10% ಫಾರ್ಮಾಲಿನ್‌ಗೆ, ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕಾಗಿ. ಅಂಗಾಂಶದ ಹತ್ತು ಪಟ್ಟಾದರೂ ದ್ರವ ಇರಲಿ. ಅಡ್ಡಡ್ಡ ಕತ್ತರಿಸಿ ಹಂಚಿಕೊಂಡರೆ ಬೇಕಾದ ನ್ಯೂಕ್ಲಿಯಸ್ ಒಂದೇ ಡಬ್ಬಿಗೆ ಹೋಗಿ ಇನ್ನೊಂದು ಖಾಲಿಯಾಗುತ್ತದೆ.

ಮೆದುಳು ಕೊಳೆತು ಗಂಜಿಯಂತಾಗಿದ್ದರೂ ಬಿಸಾಡಬೇಡಿ. ಪ್ರಿಯಾನ್ ಕೊಳೆಯುವಿಕೆಯನ್ನು ತಡೆದುಕೊಳ್ಳುತ್ತದೆ, ಆದ್ದರಿಂದ ಅಂಥದ್ದರಲ್ಲಿ ಪಾಸಿಟಿವ್ ಬಂದರೆ ಒಪ್ಪಬಹುದು. ನೆಗೆಟಿವ್ ಬಂದರೆ ಯಾವ ಜಾಗದ್ದು ಅಂತಲೇ ಗೊತ್ತಿಲ್ಲದ ಕಾರಣ ಬಿಟ್ಟುಬಿಡಿ.

ಅದೇ ಪ್ರಾಣಿಯ ಕಿವಿಯ ಚೂರೊಂದನ್ನು ಟ್ಯಾಗ್ ಸಮೇತ ಮಾದರಿಯ ಜೊತೆಗೇ ಇಡಿ. ಜೀನೋಟೈಪ್‌ಗೂ ಆಯಿತು, ಮುಂದೆ ಅನುಮಾನ ಬಂದರೆ ಡಿಎನ್‌ಎ ತಾಳೆ ನೋಡುವುದಕ್ಕೂ ಆಯಿತು. ಇದು ಅತಿಯಾಯಿತು ಅನ್ನಿಸಿದರೆ 2001ರಲ್ಲಿ ಬ್ರಿಟನ್‌ನಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ: ಕುರಿಗಳಲ್ಲಿ ಬಿಎಸ್‌ಇ, ಅಂದರೆ ಹುಚ್ಚು ದನದ ರೋಗ, ಇದೆಯೇ ಎಂದು ಹುಡುಕುತ್ತಿದ್ದ ದೊಡ್ಡ ಅಧ್ಯಯನವೊಂದರಲ್ಲಿ, ವರ್ಷಗಟ್ಟಲೆ ಕುರಿಯದೆಂದು ಪರೀಕ್ಷಿಸಿದ ಮೆದುಳು ದನದ್ದೆಂದು ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಯಿತು.

ಒಬೆಕ್ಸ್ ಸರಿಯಾಗಿ ತೆಗೆದೂ ತಪ್ಪಿಹೋಗುವ ಒಂದು ರೋಗವಿದೆ. 1998ರಲ್ಲಿ ನಾರ್ವೆಯಲ್ಲಿ ಗುರುತಿಸಿದ ಅಟಿಪಿಕಲ್ ಸ್ಕ್ರೇಪಿ, ನಾರ್98 ಅಂತ ಕರೆಯುತ್ತಾರೆ. ಇದು ಹೆಚ್ಚಾಗಿ ವಯಸ್ಸಾದ ಕುರಿಗಳಲ್ಲಿ, ಮಂದೆಗೆ ಒಂದರಂತೆ ಕಾಣುತ್ತದೆ. ಪ್ರಿಯಾನ್ ಸೆರೆಬೆಲಮ್‌ನಲ್ಲಿ (ಕಿರುಮೆದುಳು) ದಟ್ಟವಾಗಿರುತ್ತದೆ, ಒಬೆಕ್ಸ್‌ನಲ್ಲಿ ತೀರ ಕಡಿಮೆ ಇರಬಹುದು, ದುಗ್ಧಗ್ರಂಥಿಯಲ್ಲಿ ಸಿಗುವುದಿಲ್ಲ. ಕ್ಲಾಸಿಕಲ್‌ಗೆ ಜಗ್ಗದ ಎಆರ್‌ಆರ್ ಕುರಿಗಳಿಗೂ ಇದು ಬರುತ್ತದೆ. ಹಾಗಾಗಿ ಸೆರೆಬೆಲಮ್‌ನ ಒಂದು ತುಂಡು ಯಾವಾಗಲೂ ಇರಲಿ.

ವೆಸ್ಟರ್ನ್ ಬ್ಲಾಟ್‌ನಲ್ಲೂ ಇದೇ ನಾರ್98 ಕೈಕೊಡುತ್ತದೆ. ಪ್ರೋಟೀನೇಸ್ ಕೆ ಎಂಬ ಕಿಣ್ವ ಹಾಕಿ ಸಾಮಾನ್ಯ ಪ್ರೋಟೀನನ್ನು ಕರಗಿಸಿ, ಉಳಿದದ್ದು ಪ್ರಿಯಾನ್ ಎನ್ನುವುದು ಈ ಪರೀಕ್ಷೆಯ ತಳಹದಿ. ಕ್ಲಾಸಿಕಲ್‌ನಲ್ಲಿ ಸುಮಾರು 18ರಿಂದ 30 ಕಿಲೋಡಾಲ್ಟನ್ ನಡುವೆ ಮೂರು ಪಟ್ಟಿ ಬರುತ್ತವೆ. ನಾರ್98ರ ಗುರುತಿನ ಪಟ್ಟಿ 15ಕ್ಕಿಂತ ಕೆಳಗೆ. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಹೆಚ್ಚು ಹೊತ್ತು ಓಡಿಸಿದರೆ ಅದು ಹೊರಗೇ ಹೋಗಿಬಿಡುತ್ತದೆ. ಕಿಣ್ವ ಜಾಸ್ತಿಯಾದರೂ ಅದು ಕರಗುತ್ತದೆ, ಏಕೆಂದರೆ ಅದರ ತಾಳಿಕೆ ಕಡಿಮೆ. ಕಿಣ್ವ ಕಡಿಮೆಯಾದರೆ ಆರೋಗ್ಯವಂತ ಕುರಿಯೂ ಪಾಸಿಟಿವ್. ಪ್ರತಿ ಜೆಲ್‌ನಲ್ಲೂ ಆರೋಗ್ಯವಂತ ಮೆದುಳಿನ ಎರಡು ಲೇನ್ ಹಾಕಿ, ಒಂದು ಕಿಣ್ವ ಇಲ್ಲದೆ, ಒಂದು ಕಿಣ್ವದೊಂದಿಗೆ. ಮೊದಲನೆಯದರಲ್ಲಿ ಪಟ್ಟಿ ಇರಬೇಕು, ಎರಡನೆಯದು ಪೂರ್ತಿ ಖಾಲಿ ಇರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಆ ಜೆಲ್‌ನ ಯಾವ ಫಲಿತಾಂಶವನ್ನೂ ಬರೆದುಕೊಳ್ಳಬೇಡಿ.

ಈಗ ಎಲ್ಲರೂ ಆರ್‌ಟಿ-ಕ್ವಿಕ್ ಎಂಬ ಪರೀಕ್ಷೆಯ ಕಡೆ ಓಡುತ್ತಾರೆ, ಒಳ್ಳೆಯದೇ. ತಯಾರಿಸಿದ ಪ್ರಿಯಾನ್ ಪ್ರೋಟೀನಿಗೆ ಮಾದರಿಯ ಬೀಜ ಹಾಕಿ, ತಟ್ಟೆಯನ್ನು ಅಲುಗಿಸುತ್ತ, ಥಯೋಫ್ಲೇವಿನ್-ಟಿ ಎಂಬ ಬಣ್ಣ ಹೊಳೆಯುತ್ತದೆಯೇ ಎಂದು ನೋಡುವ ವಿಧಾನ. ಸೂಕ್ಷ್ಮತೆ ಅಪಾರ, ಆದರೆ ಹೊಸಬರು ‘ಜಾಸ್ತಿ ಹಾಕಿದರೆ ಚೆನ್ನಾಗಿ ಸಿಗುತ್ತದೆ’ ಎಂದು ಗಟ್ಟಿ ಮೆದುಳಿನ ದ್ರಾವಣ ಸುರಿಯುತ್ತಾರೆ. ಅದರಲ್ಲಿನ ಕೊಬ್ಬು, ರಕ್ತ ಕ್ರಿಯೆಯನ್ನೇ ತಡೆದು ನೆಗೆಟಿವ್ ತೋರಿಸುತ್ತವೆ. ಸಾವಿರ ಪಟ್ಟು ತೆಳು ಮಾಡಿ ಶುರುಮಾಡಿ, ಅದರ ಕೆಳಗೆ ಇನ್ನೆರಡು ಹಂತ ಓಡಿಸಿ. ಬಹಳ ಹೊತ್ತು ಬಿಟ್ಟರೆ ಬೀಜವಿಲ್ಲದ ಬಾವಿಗಳೂ ತಾನಾಗಿ ಹೊಳೆಯತೊಡಗುತ್ತವೆ. ಗಡುವಿನ ಸಮಯವನ್ನು ಕಂಟ್ರೋಲ್‌ಗಳಿಂದ ಮೊದಲೇ ನಿಗದಿ ಮಾಡಿ. ಗ್ರಾಫ್ ನೋಡಿದ ಮೇಲೆ ನಿಗದಿ ಮಾಡುವುದು ಮೋಸ.

ಉಪಕರಣ ಶುದ್ಧಿಯೂ ಇದೇ ಪ್ರಶ್ನೆಯ ಭಾಗ, ಹಿಂದಿನ ಕುರಿಯ ಪ್ರಿಯಾನ್ ಚಾಕುವಿನಲ್ಲಿದ್ದರೆ ಮುಂದಿನದೂ ಪಾಸಿಟಿವ್ ಆಗಿಬಿಡುತ್ತದೆ. ಫಾರ್ಮಾಲಿನ್, ಆಲ್ಕೋಹಾಲ್ ಪ್ರಿಯಾನನ್ನು ಕೊಲ್ಲುವುದಿಲ್ಲ, ಗಟ್ಟಿ ಮಾಡುತ್ತವೆ. 1930ರ ದಶಕದಲ್ಲಿ ಕುರಿಯ ಅಂಗಾಂಶದಿಂದ ಮಾಡಿ ಫಾರ್ಮಾಲಿನ್ ಹಾಕಿದ್ದ ಲೂಪಿಂಗ್ ಇಲ್ (ಉಣ್ಣಿ ಕಚ್ಚಿ ಹರಡುವ, ಕುರಿಗಳ ಮೆದುಳಿನ ರೋಗ) ಲಸಿಕೆಯೇ ಸ್ಕ್ರೇಪಿ ಹಂಚಿತ್ತು. ಉಪಕರಣ ಒಣಗಲು ಬಿಡದೆ 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಅಥವಾ 20,000 ಪಿಪಿಎಂ ಕ್ಲೋರಿನ್ ಇರುವ ಹೈಪೋಕ್ಲೋರೈಟ್‌ನಲ್ಲಿ (ಬ್ಲೀಚ್) ಒಂದು ಗಂಟೆ ಮುಳುಗಿಸಿ. ಮೊದಲನೆಯದು ಅಲ್ಯೂಮಿನಿಯಂ ತಿನ್ನುತ್ತದೆ, ಎರಡನೆಯದು ಉಕ್ಕನ್ನೂ ಹಾಳುಮಾಡುತ್ತದೆ. ಫಾರ್ಮಾಲಿನ್‌ನಲ್ಲಿಟ್ಟ ತುಣುಕನ್ನು ಮೇಣಕ್ಕೆ ಹಾಕುವ ಮೊದಲು 98% ಫಾರ್ಮಿಕ್ ಆಮ್ಲದಲ್ಲಿ ಒಂದು ಗಂಟೆ ಇಡಿ. ಆ ಆಮ್ಲವಾಗಲಿ ಗ್ವಾನಿಡಿನ್ ಇರುವ ಬಫರ್ ಆಗಲಿ ಹೈಪೋಕ್ಲೋರೈಟ್ ಜೊತೆ ಸೇರಕೂಡದು, ವಿಷಾನಿಲ ಬರುತ್ತದೆ.

ಹಾಗಾದರೆ ಕಂಟ್ರೋಲ್ ಎಲ್ಲಿಂದ? ಸ್ಕ್ರೇಪಿಯ ಇತಿಹಾಸವೇ ಇಲ್ಲದ ಬೇರೆ ಮಂದೆಯಿಂದ, ವಯಸ್ಸು ಮತ್ತು ಜೀನೋಟೈಪ್ ಹೊಂದಿಸಿ ತನ್ನಿ. ಆದರೆ ಅವನ್ನು ಸೋಂಕಿತ ಮಂದೆಯ ಹಟ್ಟಿಯಲ್ಲಿ ಕಟ್ಟಬೇಡಿ. ಈಯುವಾಗ ಬೀಳುವ ಮಾಸಿನಲ್ಲಿ ಪ್ರಿಯಾನ್ ಹೇರಳವಾಗಿರಬಹುದು, ಹಾಲಿನಲ್ಲೂ ಹೋಗುತ್ತದೆ. ಮಣ್ಣಿಗೆ ಬಿದ್ದದ್ದು ಬೇಗ ಹೋಗುವುದಿಲ್ಲ: ಐಸ್‌ಲ್ಯಾಂಡ್‌ನಲ್ಲಿ ಮಂದೆಯನ್ನೆಲ್ಲ ಕೊಂದು, ಕೊಟ್ಟಿಗೆ ತೊಳೆದು, ಖಾಲಿ ಬಿಟ್ಟು, ಹೊಸ ಕುರಿ ತಂದ ಮೇಲೂ ರೋಗ ಮರಳಿದೆ. ಒಂದು ಕಡೆ ಕನಿಷ್ಠ 16 ವರ್ಷಗಳ ನಂತರ. ನಿಮ್ಮ ಮಂದೆಯಲ್ಲಿನ ನೆಗೆಟಿವ್ ಪ್ರಾಣಿಗಳನ್ನು ‘ಸಂಪರ್ಕವಿದೆ, ಪತ್ತೆಯಾಗಿಲ್ಲ’ ಎಂಬ ಮೂರನೇ ಗುಂಪಾಗಿಯೇ ಇಟ್ಟುಕೊಂಡು, ಪಕ್ಕದ ಕಾಲಮ್‌ನಲ್ಲಿ ಪರೀಕ್ಷಿಸಿದ ಅಂಗಾಂಶದ ಹೆಸರು ಬರೆಯಿರಿ.