ಎಂಎ ಸೋಷಿಯಾಲಜಿ ಓದಿದ್ರೆ ಏನ್ ಸಿಗತ್ತೆ ಮೇಡಂ?

ನಾನು ಕೌನ್ಸೆಲರ್. ನನ್ನ ಹತ್ತಿರ ಬಂದ ಒಬ್ಬ ಹುಡುಗ ಮತ್ತು ಅವನ ಅಕ್ಕನ ಕಥೆ ಇದು. ಹೆಸರು, ಊರು, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಹುಡುಗನನ್ನು ಹರೀಶ ಅನ್ನೋಣ, ಅವನ ಅಕ್ಕನನ್ನು ಗೌರಮ್ಮ.

ಹರೀಶನಿಗೆ 24 ವರ್ಷ. ತುಮಕೂರು ಕಡೆಯ ಹಳ್ಳಿಯವನು. ಪಿಯುಸಿಯಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ), ಆಮೇಲೆ ಕನ್ನಡ ಮಾಧ್ಯಮದಲ್ಲಿ ಬಿಎ. ನನ್ನ ಹತ್ತಿರ ಬಂದಾಗ ಬೆಂಗಳೂರಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂಎ ಸಮಾಜಶಾಸ್ತ್ರ, ಎರಡನೇ ಸೆಮಿಸ್ಟರ್. ಚಂದ್ರಾ ಲೇಔಟ್ ಹತ್ತಿರ ರೂಮು. ಜೊತೆಗಿರುವ ಹುಡುಗರೆಲ್ಲ ಐಎಎಸ್, ಕೆಎಎಸ್ ಅಂತ ಓದುವವರು. ಸಂಜೆ ಹೊತ್ತು ಇವನು ಫುಡ್ ಡೆಲಿವರಿ ಮಾಡುತ್ತಾನೆ. ಬಾಡಿಗೆ ಕಟ್ಟುವುದು ಮಾತ್ರ ಅಕ್ಕ. ಅವರು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಹತ್ತು ವರ್ಷಕ್ಕೂ ಜಾಸ್ತಿ ಆಯ್ತು.

ಬಂದಿದ್ದು "ಓದು ಬಿಡಲಾ, ಮುಂದುವರಿಸಲಾ" ಅಂತ ಕೇಳಲು. ಆದರೆ ಮೊದಲ ದಿನ ಮಾತಾಡಿದ್ದೆಲ್ಲ ಗೌರಮ್ಮನೇ. "ಮೇಡಂ, ಇದನ್ನ ಓದಿದ್ರೆ ಏನ್ ಸಿಗತ್ತೆ? ನಮ್ ಯಜಮಾನ್ರು ದಿನಾ ಕೇಳ್ತಾರೆ, ನನಗೆ ಹೇಳೋಕೆ ಬರಲ್ಲ. ಇವ್ನು ಮುಗಿದ ತಕ್ಷಣ ಲೆಕ್ಚರರ್ ಆಗ್ತೀನಿ ಅಂತಾನೆ. ನಿಜಾನಾ?" ಹರೀಶ ನೆಲ ನೋಡುತ್ತಾ ಕೂತಿದ್ದ.

ಈ ಪ್ರಶ್ನೆ ಬಂದಾಗ, ಓದಿಗೆ ಬೆಲೆ ಕಟ್ಟಬಾರದು ಅಂತ ಶುರು ಮಾಡುವವರು ನಮ್ಮ ವೃತ್ತಿಯಲ್ಲೂ ಇದ್ದಾರೆ. ದಿನವಿಡೀ ಮಿಷನ್ ತುಳಿದು ತಮ್ಮನ ಬಾಡಿಗೆ ಕಟ್ಟುವವರ ಮುಂದೆ ಆ ಮಾತು ನನ್ನ ಬಾಯಲ್ಲಿ ಬರಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಕೊಡಬೇಕಾದವನು ಹರೀಶ. ಅವನು ಆಗ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ, ಹಾಗಾಗಿ ಮುಂದಿನ ಸಲ ಒಬ್ಬನೇ ಬಾ ಅಂದೆ.

ಒಬ್ಬನೇ ಬಂದಾಗ ಎಲ್ಲ ಹೊರಗೆ ಬಂತು. ಮೊದಲ ಸೆಮಿಸ್ಟರ್‌ನಲ್ಲಿ 51 ಪರ್ಸೆಂಟ್. ಡೆಲಿವರಿ ಮುಗಿಸಿ ಮಲಗುವುದು ರಾತ್ರಿ ಒಂದೂವರೆಗೆ, ಬೆಳಗಿನ ಕ್ಲಾಸಿಗೆ ಹೋಗಲು ಆಗಲ್ಲ, ಹಾಜರಾತಿ 75ಕ್ಕಿಂತ ಕೆಳಗೆ ಇಳಿಯುತ್ತಿದೆ. ಎಂಎ ಆದ ತಕ್ಷಣ ಲೆಕ್ಚರರ್ ಕೆಲಸ ಸಿಗಲ್ಲ ಅಂತ ಅವನಿಗೆ ಸೇರುವ ಮೊದಲೇ ಗೊತ್ತಿತ್ತು. ಅಕ್ಕ ಒಪ್ಪಲಿ ಅಂತ ಹಾಗೆ ಹೇಳಿದ್ದ. ಈಗ ಅವರು ಫೋನ್ ಮಾಡಿದರೆ ಎತ್ತಲು ಭಯ. ನಿದ್ದೆ, ಊಟ, ಸಾಯುವ ಯೋಚನೆ, ಇವೆಲ್ಲವನ್ನೂ ನೇರವಾಗಿ ಕೇಳಿದೆ. ನಿದ್ದೆ ಕೆಟ್ಟಿತ್ತು, ಉಳಿದದ್ದು ಇರಲಿಲ್ಲ. ಆದರೂ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ನಂಬರನ್ನು ಅವನ ಫೋನಿನಲ್ಲಿ ಸೇವ್ ಮಾಡಿಸಿದೆ. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇಷ್ಟಾದ ಮೇಲೆ ಕೇಳಿದೆ: ನಿನಗೆ ಈ ವಿಷಯ ಇಷ್ಟಾನಾ, ಅಥವಾ ಬೇರೆ ಸೀಟು ಸಿಗಲಿಲ್ಲ ಅಂತ ಸೇರಿದ್ಯಾ? ಇಷ್ಟ ಅಂದ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಹೇಳಿದ ಪ್ರಬಲ ಜಾತಿಯ, ಅಂದರೆ ಊರಿನಲ್ಲಿ ಜಮೀನು, ಜನಬಲ, ಅಧಿಕಾರ ಇರುವ ಜಾತಿಯ, ಲಕ್ಷಣಗಳನ್ನು ಗೈಡಿನಲ್ಲಿದ್ದ ಹಾಗೇ ಒಪ್ಪಿಸಿದ. ಸರಿ, ನಿಮ್ಮೂರಲ್ಲಿ ಯಾರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಿಲ್ಲಿಸಲೇ ಇಲ್ಲ. ಬೋರ್‌ವೆಲ್ ಯಾರ ಹೊಲದಲ್ಲಿದೆ, ಡೇರಿ ಕಾರ್ಯದರ್ಶಿ ಯಾರ ಮಾತು ಕೇಳುತ್ತಾನೆ, ಪಂಚಾಯ್ತಿ ಮೀಸಲಾತಿ ಬದಲಾದ ವರ್ಷ ಯಾರು ಯಾರನ್ನು ಅಧ್ಯಕ್ಷರಾಗಿ ಕೂರಿಸಿದರು, 2025ರ ಜಾತಿ ಸಮೀಕ್ಷೆಗೆ ಬಂದ ಮೇಷ್ಟ್ರಿಗೆ ಯಾವ ಮನೆಯವರು ಉಪಜಾತಿ ಹೇಳದೆ ಕಳಿಸಿದರು ಅಂತ ಎಲ್ಲ. ಓದು ಬಿಡು ಅಂತ ನಾನು ಹೇಳದೇ ಇದ್ದದ್ದು ಇದನ್ನು ಕೇಳಿದ ಮೇಲೆ. ಇದೆಲ್ಲ ಕಾಣುವ ಕಣ್ಣು ಎಷ್ಟೋ ಜನರಿಗೆ ಎರಡು ವರ್ಷ ಓದಿದರೂ ಬರಲ್ಲ.

ಇಷ್ಟ ಇದ್ದರೆ ಸಾಕಾಗಲ್ಲ, ಅಲ್ವಾ. ಹಾಗಾಗಿ ಉಳಿದ ಹೊತ್ತು ಲೆಕ್ಕಕ್ಕೆ ಕೂತೆವು. ನಾನು ಅವನಿಗೆ ಹೇಳಿದ್ದರ ತಿರುಳು ಒಂದೇ: ಈ ಡಿಗ್ರಿ ಒಂದರಿಂದಲೇ ಯಾವ ಕೆಲಸವೂ ಸಿಗಲ್ಲ, ಪ್ರತಿ ಕೆಲಸಕ್ಕೂ ಇದರ ಜೊತೆ ಇನ್ನೊಂದು ಬೇಕು. ಆ ಇನ್ನೊಂದನ್ನು ಎಂಎ ಮುಗಿದ ಮೇಲೆ ಶುರು ಮಾಡುವವರೇ ಜಾಸ್ತಿ. ಮನೆಯವರ ತಾಳ್ಮೆ ಮುಗಿಯುವುದೂ ಅಲ್ಲೇ.

ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ರಾಜ್ಯಮಟ್ಟದ್ದು) ಬೇಕು. 2023ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ, ಇವೇ ಕನಿಷ್ಠ ಅರ್ಹತೆ. ನೆಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎರಡು ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಆದರೆ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕೆಸೆಟ್‌ನಲ್ಲಿ ಕನ್ನಡವೂ ಇರುತ್ತದೆ, ಕರ್ನಾಟಕದೊಳಗೆ ನಡೆಯುತ್ತದೆ, ಹರೀಶನಂಥವರಿಗೆ ಮೊದಲ ಗುರಿ ಅದೇ. ಆದರೆ ಕೆಸೆಟ್‌ನಿಂದ ಫೆಲೋಶಿಪ್ ಸಿಗಲ್ಲ. ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂಪಾಯಿಯಲ್ಲಿ ಪಿಎಚ್‌ಡಿ ಮಾಡಬಹುದು. ಪಿಎಚ್‌ಡಿ ಮಾಡಿಸುವ ನಾಗರಭಾವಿಯ ಐಸೆಕ್ (ಸಮಾಜ ವಿಜ್ಞಾನದ ಸಂಶೋಧನಾ ಸಂಸ್ಥೆ) ಅವನ ರೂಮಿನಿಂದ ಹತ್ತಿರವೇ ಇದೆ. ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್ 1972ರಲ್ಲಿ ಕಟ್ಟಿದ ಸಂಸ್ಥೆ, ಶ್ರೀನಿವಾಸ್ ಅವರೂ ಅಲ್ಲಿ ಕೆಲಸ ಮಾಡಿದವರು. ದಿನಾ ಅದರ ಮುಂದೆಯೇ ಬೈಕಿನಲ್ಲಿ ಹೋಗುವ ಹರೀಶನಿಗೆ ಅದು ಯಾವುದೋ ಸರ್ಕಾರಿ ಆಫೀಸು ಅಂತ ಅನ್ನಿಸಿತ್ತಂತೆ.

ನೆಟ್‌ಗೂ ಕೆಸೆಟ್‌ಗೂ ಎಂಎಯಲ್ಲಿ 55 ಪರ್ಸೆಂಟ್ ಬೇಕು, ಮೀಸಲಾತಿ ಇರುವವರಿಗೆ 50. ಹರೀಶನಿಗೆ ರಿಯಾಯಿತಿ ಇದೆ. ಆದರೂ 55ನ್ನೇ ಹಿಡಿ ಅಂದೆ. ಎಲ್ಲ ನೇಮಕಾತಿಯಲ್ಲೂ ರಿಯಾಯಿತಿ ಒಂದೇ ಥರ ಇರಲ್ಲ, ಅರ್ಧ ಪರ್ಸೆಂಟ್ ಕಡಿಮೆಯಾಗಿ ಜೀವನಪೂರ್ತಿ ಅರ್ಜಿ ಹಾಕಲು ಆಗದೆ ಕೂತವರನ್ನು ನಾನು ನೋಡಿದ್ದೇನೆ. ಕೇಂದ್ರದ ಒಬಿಸಿ ಪ್ರಮಾಣಪತ್ರ ಬೇರೆಯೇ, ರಾಜ್ಯದ ಜಾತಿ-ಆದಾಯ ಪತ್ರ ಅದಕ್ಕೆ ನಡೆಯಲ್ಲ, ಊರಿಗೆ ಹೋದಾಗ ನಾಡಕಚೇರಿಯಲ್ಲಿ ಅರ್ಜಿ ಹಾಕಿ ಬಾ ಅಂತಲೂ ಹೇಳಿದೆ. ಪರೀಕ್ಷೆ ಹತ್ತಿರ ಬಂದಾಗ ಇದಕ್ಕೆ ಓಡಾಡುವುದಿದೆಯಲ್ಲ, ಅದು ಬೇಡವೇ ಬೇಡ.

ಇನ್ನು ಪಿಯು ಉಪನ್ಯಾಸಕ. ಅದಕ್ಕೆ ಎಂಎ ಜೊತೆ ಬಿಎಡ್ ಬೇಕು, ಬಿಎಡ್ ಎರಡು ವರ್ಷ. ಈ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಸರ್ಕಾರಿ ಹುದ್ದೆ ಕರೆಯುವುದೂ ವರ್ಷ ವರ್ಷ ಅಲ್ಲ. 2021ರಲ್ಲಿ ಪ್ರಥಮ ದರ್ಜೆ (ಡಿಗ್ರಿ) ಕಾಲೇಜುಗಳಿಗೆ 1,242 ಹುದ್ದೆ ಕರೆದರು, ಎಲ್ಲ ವಿಷಯ ಸೇರಿಸಿ ಅಷ್ಟು. ಅದರಲ್ಲಿ ಸಮಾಜಶಾಸ್ತ್ರಕ್ಕೆ ಸಿಕ್ಕ ಪಾಲು ಸಣ್ಣದು. ನಡುವಿನ ವರ್ಷಗಳಲ್ಲಿ ಜನ ಅತಿಥಿ ಉಪನ್ಯಾಸಕರಾಗಿ ಕಾಲ ಹಾಕುತ್ತಾರೆ. ರಜೆಯ ತಿಂಗಳು ಸಂಬಳ ಇಲ್ಲ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಅನುಭವಕ್ಕೆ ಒಂದೆರಡು ವರ್ಷ ಮಾಡು, ಅದನ್ನೇ ನಂಬಿ ಮದುವೆ ಮಾಡಿಕೊಳ್ಳಬೇಡ ಅಂದೆ. ನಕ್ಕ.

ರೂಮಿನ ಹುಡುಗರ ಮಾತೂ ಅವನ ತಲೆಯಲ್ಲಿತ್ತು. ಐಎಎಸ್‌ಗೆ ಸೋಷಿಯಾಲಜಿ ಆಪ್ಷನಲ್ (ಐಚ್ಛಿಕ ವಿಷಯ) ತಗೊಂಡರೆ ಎಂಎ ಉಪಯೋಗಕ್ಕೆ ಬರುತ್ತೆ ಅಂತ. ಬರುತ್ತದೆ, ಸುಳ್ಳಲ್ಲ. ಮೇನ್ಸ್‌ನ 1,750 ಅಂಕಗಳಲ್ಲಿ ಆಪ್ಷನಲ್‌ಗೆ 500. ಆದರೆ ಆ ಪರೀಕ್ಷೆಗೆ ಯಾವುದೇ ಡಿಗ್ರಿ ಸಾಕು, ಎಂಎ ಬೇಕಿಲ್ಲ. ಎಂಜಿನಿಯರುಗಳೂ ಸೋಷಿಯಾಲಜಿ ತಗೊಂಡು ಪಾಸಾಗುತ್ತಾರೆ. ಕೆಎಎಸ್ ಮೇನ್ಸ್‌ನಲ್ಲಂತೂ ಈಗ ಆಪ್ಷನಲ್ಲೇ ಇಲ್ಲ. ಐಎಎಸ್‌ಗೋಸ್ಕರ ಎಂಎ ಮಾಡುತ್ತಿದ್ದರೆ ಇವತ್ತೇ ಬಿಡು, ಎಂಎಗೋಸ್ಕರ ಮಾಡುತ್ತಿದ್ದರೆ ಆ ಮಾತು ಅಲ್ಲಿಗೆ ಬಿಡು ಅಂದೆ.

ಪಾಠ ಮಾಡುವುದನ್ನು ಬಿಟ್ಟರೆ ಬೆಂಗಳೂರಿನಲ್ಲಿ ಏನಿದೆ? ಇಲ್ಲಿ ನನಗೆ ಸ್ವಲ್ಪ ಆಸೆ ಇದೆ. ಸಮೀಕ್ಷೆ ಮಾಡುವ ಸಂಶೋಧನಾ ಸಂಸ್ಥೆಗಳು, ಎನ್‌ಜಿಒಗಳು, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆ) ವಿಭಾಗಗಳು ಇಲ್ಲಿ ತುಂಬ ಇವೆ. ದೊಡ್ಡ ಕಂಪನಿಗಳು ಲಾಭದ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಹಾಗೆ ಖರ್ಚಾದ ದುಡ್ಡಿನಿಂದ ಏನಾಯ್ತು ಅಂತ ಹೋಗಿ ನೋಡಿ ವರದಿ ಬರೆಯುವವರು ಬೇಕಾಗುತ್ತಾರೆ. ಅದೇ ವರ್ಷದ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಅಂತ ಇದೆ. ಜಮೀನು ಕಳೆದುಕೊಳ್ಳುವ ಊರಿಗೆ ಹೋಗಿ ಮನೆ ಮನೆ ಮಾತಾಡಿಸುವ ಕೆಲಸ ಅದು. ಇಂಥ ಕಡೆ ಇಂಗ್ಲಿಷಿನಲ್ಲಿ ಸೊಗಸಾಗಿ ವರದಿ ಬರೆಯುವವರು ಸಿಗುತ್ತಾರೆ. ಹಳ್ಳಿಯ ಜಗಲಿ ಮೇಲೆ ಕೂತು, ಎದುರಿಗಿರುವವರಿಗೆ ಅನುಮಾನ ಬರದ ಹಾಗೆ ಒಂದು ಗಂಟೆ ಮಾತಾಡಿಸುವವರು ಸಿಗುವುದು ಕಷ್ಟ. ಹರೀಶ ಎರಡನೇ ಥರದವನು. ಮೊದಲಿನದನ್ನು ಕೆಲಸಕ್ಕೆ ಆಗುವಷ್ಟಾದರೂ ಕಲಿಯಬೇಕು: ಎಕ್ಸೆಲ್, ಕೋಬೋ ಥರದ ಸಮೀಕ್ಷೆ ಆ್ಯಪ್, ಎಸ್‌ಪಿಎಸ್‌ಎಸ್ ಅಥವಾ ಆರ್ ಎಂಬ ಅಂಕಿಅಂಶದ ಸಾಫ್ಟ್‌ವೇರ್, ಮತ್ತೆ ಎರಡು ಪುಟ ಸರಿಯಾದ ಇಂಗ್ಲಿಷ್. ಮೊದಲ ಸಂಬಳ ದೊಡ್ಡದಿರಲ್ಲ, 11 ತಿಂಗಳ ಕಾಂಟ್ರಾಕ್ಟ್‌ಗಳೇ ಜಾಸ್ತಿ. ಇದನ್ನೂ ಮುಚ್ಚಿಡಲಿಲ್ಲ.

ಡಿಸರ್ಟೇಶನ್ (ಎಂಎಯ ಸಂಶೋಧನಾ ಪ್ರಬಂಧ) ಏನು ಮಾಡ್ತೀಯ ಅಂದೆ. "ಜಾಗತೀಕರಣ ಮತ್ತು ಗ್ರಾಮೀಣ ಸಂಸ್ಕೃತಿ" ಅಂದ. ಸೀನಿಯರ್ ಒಬ್ಬರದ್ದು ಇದೆಯಂತೆ, ಸ್ವಲ್ಪ ಬದಲಿಸಿದರೆ ಆಯ್ತಂತೆ. ನನಗೆ ಕೋಪ ಬಂತು, ತೋರಿಸಿದೆ ಕೂಡ. ಕೆಲಸ ಕೇಳಲು ಹೋದಾಗ ನಾನು ಇದನ್ನು ಮಾಡಿದ್ದೇನೆ ಅಂತ ಮುಂದಿಡಲು ಇರುವುದು ಅದೊಂದೇ. ಒಳ್ಳೆ ವಿಷಯ ಅವನ ಮನೆಯಲ್ಲೇ ಇತ್ತು. 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ರಸ್ತೆಗಳಿಗೆ ಇಳಿದರು, ಎರಡನೇ ದಿನಕ್ಕೇ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ಪಡೀತು. ಆ ದಿನ ನಿಮ್ಮಕ್ಕ ಎಲ್ಲಿದ್ದರು ಅಂದೆ. ಗೊತ್ತಿಲ್ಲ ಅಂದ.

ಮೂವರೂ ಕೂತ ದಿನ ನಾನು ಜಾಸ್ತಿ ಮಾತಾಡಲಿಲ್ಲ. ಮೇಲೆ ಹೇಳಿದ್ದನ್ನೆಲ್ಲ ಹರೀಶನೇ ಒಂದು ಹಾಳೆಯಲ್ಲಿ ಬರೆದು ತಂದಿದ್ದ. ತಕ್ಷಣ ಲೆಕ್ಚರರ್ ಆಗ್ತೀನಿ ಅಂದಿದ್ದು ಸುಳ್ಳು ಅಂತ ಮೊದಲು ಹೇಳು, ಹಾಳೆ ಆಮೇಲೆ ತೆಗಿ ಅಂತ ಮೊದಲೇ ಹೇಳಿಟ್ಟಿದ್ದೆ. ಹೇಳಿದ. ಗೌರಮ್ಮನಿಗೆ ಸಿಟ್ಟು ಬಂತು, ಬರಬೇಕಾದ್ದೇ. "ನಿಂಗೋಸ್ಕರ ಅವರ ಹತ್ರ ಎಷ್ಟು ಮಾತು ಕೇಳಿದೀನಿ ಗೊತ್ತೇನೋ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ಇನ್ನೆಷ್ಟು ವರ್ಷ?" ಅಂತ ಕೇಳಿದರು. ಎಂಎ ಮುಗಿಯಲು ಇನ್ನೂ ಒಂದು ವರ್ಷದ ಮೇಲೆ, ಕೈಗೆ ಸಂಬಳ ಅಂತ ಬರಲು ಅದರ ಮೇಲೆ ಆರು ತಿಂಗಳಿಂದ ಒಂದು ವರ್ಷ, ಕಾಯಂ ಕೆಲಸದ ಮಾತು ಈಗ ಬೇಡ ಅಂದ. ನೇರವಾದ ಉತ್ತರ. ಅವರು ಅದನ್ನೇ ಕೇಳಲು ಬಂದಿದ್ದು.

ನಡುವೆ ಒಂದು ಒಳ್ಳೆ ಪ್ರಶ್ನೆ ಕೇಳಿದರು. ಅವರ ಫ್ಯಾಕ್ಟರಿಯ ಎಚ್‌ಆರ್ ಮೇಡಂ ಓದಿರುವುದೂ ಇದನ್ನೇ ಅಲ್ವಾ ಅಂತ. ಅಲ್ಲ, ಅವರದ್ದು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡು ಸೇರುತ್ತಾರೆ. ಫ್ಯಾಕ್ಟರಿ, ಆಸ್ಪತ್ರೆಗಳ ಸಮಾಜ ಕಾರ್ಯಕರ್ತರ ಕೆಲಸಕ್ಕೆ ಎಂಎಸ್‌ಡಬ್ಲ್ಯೂ ಕೇಳುವುದೇ ಜಾಸ್ತಿ, ನಿಮ್ಹಾನ್ಸ್‌ನ ಮನೋವೈದ್ಯಕೀಯ ಸಮಾಜಕಾರ್ಯದ ಕೋರ್ಸಿಗೂ ಅದೇ ಬೇಕು. ಹರೀಶನಿಗೆ ಆ ಕೆಲಸದ ಆಸೆ ಇರಲಿಲ್ಲ. ಇದ್ದಿದ್ದರೆ ಕೋರ್ಸ್ ಬದಲಿಸು ಅನ್ನುತ್ತಿದ್ದೆ.

ಕೊನೆಗೆ ಒಪ್ಪಂದ ಆಯ್ತು. ಎಂಎ ಮುಗಿಯುವವರೆಗೆ ಬಾಡಿಗೆ ಅಕ್ಕನದು, ಆಮೇಲೆ ಒಂದು ರೂಪಾಯಿಯೂ ಇಲ್ಲ. ಡೆಲಿವರಿ ಶನಿವಾರ, ಭಾನುವಾರ ಮಾತ್ರ. ಕಡಿಮೆಯಾಗುವ ದುಡ್ಡಿಗೆ ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಹಾಸ್ಟೆಲ್‌ಗೆ ಪ್ರಯತ್ನ, ಸಿಗದಿದ್ದರೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾಸಿರಿ ವಿದ್ಯಾರ್ಥಿವೇತನಕ್ಕೆ ಅರ್ಜಿ. ಮೊದಲ ವರ್ಷ ಅವನು ಅರ್ಜಿಯನ್ನೇ ಹಾಕಿರಲಿಲ್ಲ, ಕೊನೆ ದಿನ ಯಾವುದು ಅಂತ ಯಾರೂ ಹೇಳಲಿಲ್ಲವಂತೆ. ಪ್ರತಿ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಅಕ್ಕನ ವಾಟ್ಸಾಪಿಗೆ ಹೋಗಬೇಕು, ಇದು ಗೌರಮ್ಮ ಹಾಕಿದ ಷರತ್ತು. ಎರಡನೇ ವರ್ಷದಲ್ಲಿದ್ದಾಗಲೇ ಕೆಸೆಟ್, ನೆಟ್ ಬರೆಯಬಹುದು. ಮೊದಲ ಸಲ ಪಾಸಾಗದಿದ್ದರೂ ಬರೆಯಲೇಬೇಕು, ಇದು ನಾನು ಹಾಕಿದ್ದು.

ಎರಡನೇ ಸೆಮಿಸ್ಟರ್‌ನಲ್ಲಿ 58 ಬಂದಿದೆ. ಒಟ್ಟು ಇನ್ನೂ 55 ಮುಟ್ಟಿಲ್ಲ. ಡಿಸರ್ಟೇಶನ್‌ಗೆ ಗಾರ್ಮೆಂಟ್ಸ್ ಕೆಲಸಗಾರರನ್ನೇ ಆರಿಸಿಕೊಂಡಿದ್ದಾನೆ. ಮಾರ್ಗದರ್ಶಕ ಪ್ರಾಧ್ಯಾಪಕರು ಒಪ್ಪಿದ್ದಾರೆ, ಆದರೆ ಫ್ಯಾಕ್ಟರಿಯ ಒಳಗೆ ಬಿಡಲ್ಲ, ಹಾಗಾಗಿ ಸಂದರ್ಶನ ಎಲ್ಲ ಮನೆಗಳಲ್ಲಿ. ಯಾರ ಹೆಸರೂ ಬರೆಯಬೇಡ, ಫ್ಯಾಕ್ಟರಿ ಹೆಸರಂತೂ ಬೇಡವೇ ಬೇಡ, ಅಕ್ಕನ ಕೆಲಸಕ್ಕೆ ತೊಂದರೆ ಆಗಬಾರದು ಅಂತ ಎಚ್ಚರಿಸಿದ್ದೇನೆ. ಭಾವ ಇನ್ನೂ ಪೂರ್ತಿ ಒಪ್ಪಿಲ್ಲ. ಅವರನ್ನೂ ಒಂದು ಸಲ ಕರೆದುಕೊಂಡು ಬನ್ನಿ ಅಂದಿದ್ದೇನೆ. ಭಾನುವಾರ ಆದರೆ ಬರ್ತಾರಂತೆ.