ನಮ್ಮ ಕೂದಲಿಗೆ ನಾವೇ ಎರಡು ಫ್ರೆಂಚ್ ಜಡೆ: ಮುಳ್ಳೇರಿಯದ ತಂಗಿಯ ಪ್ರಶ್ನೆಗೆ ಉತ್ತರ

ಮುಳ್ಳೇರಿಯದ ತಂಗಿಗೆ ನಮಸ್ಕಾರ. ದಿನವೂ ಸ್ಕೂಟರಿನಲ್ಲಿ ಕಾಸರಗೋಡಿಗೆ ಕೆಲಸಕ್ಕೆ ಹೋಗುವ ನಿಮಗೆ ಹೆಲ್ಮೆಟ್ಟಿನ ಅಡಿಯಲ್ಲಿ ತುರುಬು ಕೂರುವುದಿಲ್ಲವೆಂದೂ, ಅದಕ್ಕಾಗಿ ಎರಡು ಫ್ರೆಂಚ್ ಜಡೆಯನ್ನು (ಹಣೆಯಂಚಿನಿಂದಲೇ ಬದಿಯ ಕೂದಲನ್ನು ಸೇರಿಸುತ್ತ ತಲೆಗೆ ಅಂಟಿದಂತೆ ಹೆಣೆಯುವ ಜಡೆ) ನೀವೇ ಹೆಣೆದುಕೊಳ್ಳಲು ಪ್ರಯತ್ನಿಸುತ್ತಿದ್ದೀರೆಂದೂ ಬರೆದಿದ್ದೀರಿ. ಅರ್ಧಕ್ಕೆ ಬರುವಾಗಲೇ ತೋಳು ಸೋಲುತ್ತದೆ, ಹಿಂಗತ್ತಿನ ಬಳಿ ಕೂದಲು ಚೀಲದಂತೆ ಜೋಲುತ್ತದೆ, ಎಡಗಡೆಯ ಜಡೆ ಬಲಗಡೆಯದಕ್ಕಿಂತ ಕೆಳಗಿಳಿಯುತ್ತದೆ ಎಂಬ ನಿಮ್ಮ ಮೂರು ತೊಂದರೆಗಳನ್ನೂ ನಾನು ಅನುಭವಿಸಿದ್ದೇನೆ. ಮೂರಕ್ಕೂ ಬೇರು ಒಂದೇ ಎಂಬುದು ನನಗೆ ತಡವಾಗಿ ತಿಳಿಯಿತು. ನಾವು ಕನ್ನಡಿ ನೋಡಿಕೊಂಡು ಹೆಣೆಯುತ್ತೇವೆ. ಕನ್ನಡಿಯಲ್ಲಿ ಹಿಂದುಮುಂದು ಬದಲಾಗಿ ಕಾಣುವುದರಿಂದ ಬೆರಳು ತಡವರಿಸುತ್ತದೆ; ಹೆಣಿಗೆ ಕಾಣಿಸಲೆಂದು ಕತ್ತನ್ನು ಓರೆ ಮಾಡಿ ಮೊಣಕೈಯನ್ನು ಮೇಲೆತ್ತುತ್ತೇವೆ; ಓರೆಯಾದ ತಲೆಯ ಮೇಲೆ ಹೆಣೆದ ಜಡೆ ತಲೆ ನೆಟ್ಟಗಾದ ಕೂಡಲೇ ಸಡಿಲಗೊಳ್ಳುತ್ತದೆ. ಬೈತಲೆ ತೆಗೆಯಲು ಮತ್ತು ಕೊನೆಯಲ್ಲಿ ಸರಿನೋಡಲು ಮಾತ್ರ ಕನ್ನಡಿ ಬಳಸಿ, ಉಳಿದುದನ್ನು ಬೆರಳಿಗೆ ಬಿಡಿ ಎಂಬುದೇ ನನ್ನ ಮುಖ್ಯ ಸಲಹೆ.

ಕೂದಲಿನ ಸ್ಥಿತಿಯ ಬಗ್ಗೆ ಮೊದಲು ಹೇಳಬೇಕು. ದಾಸವಾಳದ ಎಲೆಯ ಗೊಂಪು (ಲೋಳೆ) ಅಥವಾ ಶಾಂಪೂ ಹಾಕಿ ತಲೆ ಮಿಂದ ದಿನ ಕೂದಲು ನುಣುಪಾಗಿ ಬೆರಳಿನಿಂದ ಜಾರುತ್ತದೆ. ಮರುದಿನ ಅದೇ ಕೂದಲು ಹಿಡಿತಕ್ಕೆ ಸಿಗುತ್ತದೆ. ಎಣ್ಣೆಯೂ ಅಷ್ಟೇ, ಅಂಗೈಯಲ್ಲಿ ಮೂರು ನಾಲ್ಕು ಹನಿ ತೆಂಗಿನೆಣ್ಣೆಯನ್ನು ಉಜ್ಜಿ ತುದಿಗಳಿಗೆ ಸವರಿದರೆ ಸಾಕು. ಒದ್ದೆ ಕೂದಲನ್ನು ಮಾತ್ರ ಎಂದಿಗೂ ಹೆಣೆಯಬೇಡಿ. ನೀರು ಹೀರಿದ ಕೂದಲು ಹೆಚ್ಚು ಹಿಗ್ಗುತ್ತದೆ, ಎಳೆತಕ್ಕೆ ಬೇಗ ತುಂಡಾಗುತ್ತದೆ, ಮತ್ತು ಒಣಗುವಾಗ ಕುಗ್ಗಿ ಬುಡವನ್ನು ಜಗ್ಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಬೆಳಗ್ಗೆ ಒದ್ದೆಯಾಗಿ ಹೆಣೆದ ಜಡೆ ಸಂಜೆ ಬಿಚ್ಚುವಾಗಲೂ ಒಳಗೆ ತೇವವಾಗಿಯೇ ಇದ್ದು ಮುಗ್ಗಲು ವಾಸನೆ ಬರುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕಷ್ಟ ಇನ್ನೂ ಹೆಚ್ಚು. 2016ರಲ್ಲಿ ಕೇರಳ ರಾಜ್ಯದ ಮಕ್ಕಳ ಹಕ್ಕುಗಳ ಆಯೋಗವು ಹೆಣ್ಣುಮಕ್ಕಳಿಗೆ ಎರಡು ಜಡೆಯನ್ನು ಶಾಲೆಗಳು ಕಡ್ಡಾಯ ಮಾಡಬಾರದೆಂದು ಹೇಳಿದಾಗ, ಬೆಳಗಿನ ಅವಸರದಲ್ಲಿ ಒದ್ದೆ ಕೂದಲನ್ನೇ ಹೆಣೆಯಬೇಕಾಗುವ ವಿಚಾರವೂ ಚರ್ಚೆಗೆ ಬಂದಿತ್ತು. ಆದುದರಿಂದ ಮಳೆಗಾಲದಲ್ಲಿ ರಾತ್ರಿ ಊಟಕ್ಕೆ ಮೊದಲೇ ತಲೆ ಮಿಂದು, ಪೂರ್ತಿ ಒಣಗಿಸಿ ಮಲಗುವುದು ಒಳ್ಳೆಯದು.

ಸಿಕ್ಕು ಬಿಡಿಸಿದ ಮೇಲೆ ಬಾಲವಿರುವ ಬಾಚಣಿಗೆಯ ತುದಿಯಿಂದ ಹಣೆಯ ನಡುವಿನಿಂದ ಹಿಂಗತ್ತಿನವರೆಗೆ ಬೈತಲೆ ತೆಗೆಯಿರಿ. ಹಿಂಭಾಗದಲ್ಲಿ ಬೈತಲೆ ಸೊಟ್ಟಗಾದರೆ ಒಂದು ಬದಿಗೆ ಕೂದಲು ಹೆಚ್ಚಾಗಿ ಜಡೆಗಳ ದಪ್ಪದಲ್ಲಿ ವ್ಯತ್ಯಾಸ ಬರುತ್ತದೆ. ತಲೆಬುರುಡೆಯ ಹಿಂದೆ ಕೈಗೆ ಸಿಗುವ ಎಲುಬಿನ ಉಬ್ಬನ್ನು ಎಡಗೈ ಬೆರಳಿನಿಂದ ಮುಟ್ಟಿಕೊಂಡು, ಬಾಚಣಿಗೆಯ ತುದಿಯನ್ನು ಅದರತ್ತ ಎಳೆದರೆ ಗೆರೆ ನೇರವಾಗಿ ಇಳಿಯುತ್ತದೆ. ಸಂಶಯವಿದ್ದರೆ ಮೊಬೈಲಿನಲ್ಲಿ ಹಿಂಭಾಗದ ಒಂದು ಫೋಟೊ ತೆಗೆದು ನೋಡಿ. ಹೆಣೆಯದ ಬದಿಯ ಕೂದಲನ್ನು ಬ್ಯಾಂಡಿನಿಂದ ಕಟ್ಟಿಡಿ.

ಬಲಗೈ ಬಳಕೆಯವರಾದರೆ ಎಡಗಡೆಯ ಜಡೆಯನ್ನು ಮೊದಲು ಹೆಣೆಯಿರಿ. ತೋಳಿಗೆ ದಣಿವಾಗದಿರುವಾಗ ಕಷ್ಟದ ಬದಿ ಮುಗಿದರೆ ಎರಡೂ ಸಮನಾಗಿ ಬರುತ್ತವೆ; ನಿಮ್ಮ ಎಡ ಜಡೆ ಕೆಳಗಿಳಿಯುವುದಕ್ಕೆ ಅದನ್ನು ಕೊನೆಗೆ ಉಳಿಸುವುದೂ ಕಾರಣವಿರಬಹುದು. ಎಲ್ಲಿಂದ ಆರಂಭ, ಕಿವಿಯಿಂದ ಎಷ್ಟು ಬೆರಳು ಮೇಲೆ ಜಡೆ ಹಾದುಹೋಗಬೇಕು ಎಂಬುದನ್ನು ಮೊದಲೇ ಅಳೆದುಕೊಳ್ಳಿ. ನಾನು ಕಿವಿಯ ಮೇಲೆ ಮೂರು ಬೆರಳು ಇಟ್ಟು ನೋಡುತ್ತೇನೆ.

ಹಣೆಯಂಚಿನಲ್ಲಿ ಬೈತಲೆಗೆ ಒತ್ತಿಕೊಂಡು ಎರಡು ಬೆರಳಿನಗಲದ ಕೂದಲನ್ನು ತೆಗೆದು ಮೂರು ಎಳೆ ಮಾಡಿ. ಕಿವಿಯ ಕಡೆಯ ಎಳೆಯನ್ನು ನಡುವಿನ ಎಳೆಯ ಮೇಲಿನಿಂದ ದಾಟಿಸಿದರೆ ಅದೇ ನಡುವಿನದಾಗುತ್ತದೆ. ಅನಂತರ ಬೈತಲೆಯ ಕಡೆಯ ಎಳೆಯನ್ನು ಅದೇ ರೀತಿ ಮೇಲಿನಿಂದ ದಾಟಿಸಿ. ಇಲ್ಲಿಯವರೆಗೆ ಇದು ನಾವು ಬಾಲ್ಯದಿಂದ ಬಲ್ಲ ಮಾಮೂಲು ಜಡೆಯೇ. ಇನ್ನು ಮುಂದೆ ಬದಿಯ ಎಳೆಯನ್ನು ದಾಟಿಸುವ ಮೊದಲು ಪ್ರತಿ ಬಾರಿಯೂ ಅದೇ ಬದಿಯಿಂದ ಒಂದು ತೆಳು ಪದರ ಕೂದಲನ್ನು ಎತ್ತಿ ಆ ಎಳೆಗೆ ಸೇರಿಸಬೇಕು, ಕಿವಿಯ ಬದಿಯಲ್ಲಿ ಕೂದಲಂಚಿನಿಂದ, ಒಳಬದಿಯಲ್ಲಿ ಬೈತಲೆಯ ಗೆರೆಯಿಂದ. ಎಳೆಗಳನ್ನು ಮೇಲಿನಿಂದಲ್ಲದೆ ಅಡಿಯಿಂದ ದಾಟಿಸಿದರೆ ಜಡೆ ಹಗ್ಗದಂತೆ ಉಬ್ಬಿ ನಿಲ್ಲುತ್ತದೆ. ಅದನ್ನು ಡಚ್ ಜಡೆ ಎನ್ನುತ್ತಾರೆ, ನೋಡಲು ಚೆಂದವಾದರೂ ಹೆಲ್ಮೆಟ್ಟಿನ ಅಡಿಯಲ್ಲಿ ಒತ್ತುತ್ತದೆ. ಮೇಲಿನಿಂದ ದಾಟಿಸಿದ ಫ್ರೆಂಚ್ ಜಡೆ ತಲೆಗೆ ಅಂಟಿದಂತೆ ಚಪ್ಪಟೆಯಾಗಿ ಕೂರುವುದರಿಂದ ನಿಮಗೆ ಅದೇ ಸೂಕ್ತ.

ಹೊಸ ಕೂದಲನ್ನು ಎತ್ತುವಾಗ ಮೂರು ಎಳೆಯನ್ನು ಎರಡು ಕೈಯಲ್ಲಿ ಹೇಗೆ ಹಿಡಿದಿಡುವುದು ಎಂಬ ಪ್ರಶ್ನೆಯಲ್ಲೇ ಹೆಚ್ಚಿನವರು ಸೋಲುತ್ತಾರೆ. ಒಂದು ಕೈ ಯಾವಾಗಲೂ ಎರಡು ಎಳೆಯನ್ನು ಹಿಡಿದಿರಬೇಕು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು, ಉಳಿದ ಮೂರು ಬೆರಳು ಅಂಗೈಗೆ ಮಡಚಿದ ಹಿಡಿತದಲ್ಲಿ ಇನ್ನೊಂದು. ಮೂರನೆಯ ಎಳೆಯನ್ನು ಹಿಡಿದ ಕೈಯ ಕಿರುಬೆರಳು ಹೊಸ ಪದರವನ್ನು ಗೀರಿ ಎತ್ತುತ್ತದೆ. ಇದು ಓದುವಾಗ ಗೊಂದಲವೆನಿಸಿದರೆ, ಹೂ ಕಟ್ಟುವ ಬಾಳೆನಾರಿನ ಮೂರು ಎಳೆಯನ್ನು ಕಿಟಕಿಯ ಸರಳಿಗೆ ಕಟ್ಟಿ, ಎಳೆ ಕೈಯಿಂದ ಕೈಗೆ ದಾಟುವುದನ್ನು ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡಿ. ನನಗೆ ತಲೆಯ ಮೇಲೆ ವಾರಗಟ್ಟಲೆ ಬಾರದ ವಿದ್ಯೆ ಬಾಳೆನಾರಿನಲ್ಲಿ ಎರಡು ಸಂಜೆಯಲ್ಲಿ ಬಂತು. ಎಳೆಗಳನ್ನು ಸದಾ ಬುಡದ ಹತ್ತಿರವೇ ಹಿಡಿಯಿರಿ. ಗೆಣ್ಣುಗಳು ನೆತ್ತಿಯ ಚರ್ಮಕ್ಕೆ ತಾಗುತ್ತಿರಬೇಕು. ಕೈ ತಲೆಯಿಂದ ದೂರವಾದಷ್ಟೂ ಹೆಣಿಗೆ ಸಡಿಲ.

ತೋಳಿನ ನೋವಿಗೆ, ನಿಂತು ಹೆಣೆಯುವ ಬದಲು ಊಟದ ಮೇಜಿನ ಮುಂದೆ ಕುಳಿತು ಮೊಣಕೈಯನ್ನು ಮೇಜಿಗೆ ಊರಿ. ತಲೆ ತಗ್ಗುವಂತಿದ್ದರೆ ಮೊಣಕೈಯ ಅಡಿಗೆ ಒಂದೆರಡು ದಿಂಬು ಇಡಿ. ದಣಿದಾಗ ಮೂರು ಎಳೆಯನ್ನೂ ಒಟ್ಟಿಗೆ ದೊಡ್ಡ ಕ್ಲಿಪ್ಪಿನಲ್ಲಿ ಕಚ್ಚಿಸಿ ಕೈ ಇಳಿಸಿದರೆ ಹೆಣಿಗೆ ಬಿಚ್ಚುವುದಿಲ್ಲ.

ಇನ್ನು ಹಿಂಗತ್ತಿನ ವಿಚಾರ. ಗದ್ದವನ್ನು ಎದೆಗೆ ಒತ್ತಿ ಹೆಣೆದರೆ ಕತ್ತಿನ ಚರ್ಮ ಹಿಗ್ಗಿರುತ್ತದೆ. ತಲೆ ಎತ್ತಿದಾಗ ಆ ಹಿಗ್ಗು ಕುಗ್ಗಿ, ಅಷ್ಟು ಉದ್ದದ ಕೂದಲು ಜೋಲುಚೀಲವಾಗಿ ಉಳಿಯುತ್ತದೆ. ತಲೆಯನ್ನು ನೇರವಾಗಿಯೇ ಇಟ್ಟುಕೊಳ್ಳಿ. ಕಿವಿ ದಾಟಿದ ಕೂಡಲೇ ಕೈಯ ಭಂಗಿಯೂ ಬದಲಾಗಬೇಕು: ಅಲ್ಲಿಯವರೆಗೆ ಅಗಲವಾಗಿ ಇಟ್ಟಿದ್ದ ಮೊಣಕೈಗಳನ್ನು ಕೆನ್ನೆಯ ಪಕ್ಕಕ್ಕೆ ತಂದು, ಜಡೆಯನ್ನು ಹೊರಕ್ಕೆಳೆಯದೆ ಕತ್ತಿಗೆ ತಾಗಿಸಿ ಕೆಳಮುಖವಾಗಿ ಎಳೆಯುತ್ತ ಹೆಣೆಯಿರಿ. ಕಿವಿಯ ಹಿಂದಿನ ಕೂದಲನ್ನು ಎತ್ತುವಾಗ ಪ್ರತಿ ಪದರವನ್ನೂ ಬೆರಳಿನಿಂದಲೇ ಮೇಲ್ಮುಖವಾಗಿ ಬಾಚಿ ಜಡೆಗೆ ಕೂಡಿಸಿ, ಮೇಲಿನ ಪದರಗಳಿಗಿಂತ ತೆಳುವಾಗಿ ತೆಗೆಯಿರಿ. ಅವಸರದಲ್ಲಿ ಕೊನೆಯ ಕೂದಲನ್ನೆಲ್ಲ ಒಮ್ಮೆಗೇ ಸೇರಿಸಿದರೆ ಅಲ್ಲಿ ಗಂಟು ಬಿದ್ದಂತಾಗುತ್ತದೆ. ಸೇರಿಸಲು ಕೂದಲು ಮುಗಿದ ಮೇಲೆ ಜಡೆಯನ್ನು ಭುಜದ ಮೇಲಿನಿಂದ ಮುಂದಕ್ಕೆ ತಂದು ಮಾಮೂಲಿನಂತೆ ಮುಗಿಸಬಹುದು, ಆದರೆ ಕತ್ತಿನ ಕೆಳಗೆ ಮೂರು ನಾಲ್ಕು ಹೆಣಿಗೆಯನ್ನು ಹಿಂದೆಯೇ ಹಾಕಿ ಅನಂತರ ತನ್ನಿರಿ. ಮೊದಲೇ ತಂದರೆ ಜಡೆ ತಿರುಚಿಕೊಂಡು ಮತ್ತೆ ಅಲ್ಲೇ ಸಡಿಲವಾಗುತ್ತದೆ.

ಬಿಗಿಯ ಬಗ್ಗೆ ಒಂದು ಎಚ್ಚರಿಕೆಯನ್ನು ಕಾಳಜಿಯಿಂದ ಹೇಳುತ್ತೇನೆ. ಜಡೆ ನಿಲ್ಲುವುದು ಸಮನಾದ ಪದರಗಳಿಂದ, ಬಲವಾದ ಎಳೆತದಿಂದಲ್ಲ. ಹುಬ್ಬು ಮೇಲಕ್ಕೆಳೆದಂತಾದರೆ, ಹಣೆಯಂಚಿನಲ್ಲಿ ನೋವು ಅಥವಾ ಸಣ್ಣ ಗುಳ್ಳೆ ಕಂಡರೆ ಕೂಡಲೇ ಬಿಚ್ಚಿಬಿಡಿ. ದಿನವೂ ಒಂದೇ ಜಾಗದಲ್ಲಿ ಎಳೆತ ಬಿದ್ದರೆ ಹಣೆಯಂಚಿನ ಕೂದಲು ಉದುರಲಾರಂಭಿಸುತ್ತದೆ. ಆರಂಭದಲ್ಲೇ ಸಡಿಲಿಸಿದರೆ ಮತ್ತೆ ಬೆಳೆಯುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಬುಡವೇ ಹಾಳಾಗಿ ಕೂದಲು ಮರಳಿ ಬರುವುದಿಲ್ಲ. ವಾರದಲ್ಲಿ ಎರಡು ದಿನವಾದರೂ ಸಡಿಲ ಜಡೆ ಹಾಕಿಕೊಳ್ಳಿ, ಮತ್ತು ರಾತ್ರಿ ಈ ಜಡೆಯಲ್ಲಿ ಮಲಗಬೇಡಿ.

ಹೆಲ್ಮೆಟ್ ಹಾಕುವ ದಿನ ತಲೆಯ ಮೇಲೆ ಸ್ಲೈಡ್ ಚುಚ್ಚಬೇಡಿ, ಒತ್ತಿ ನೋಯುತ್ತದೆ; ತುದಿಗೆ ಬಟ್ಟೆ ಸುತ್ತಿದ ಬ್ಯಾಂಡ್ ಸಾಕು. ಮಧೂರು ದೇವಸ್ಥಾನಕ್ಕೋ ಮದುವೆಗೋ ಹೋಗುವುದಾದರೆ ಎರಡು ಜಡೆಗಳನ್ನೂ ಹಿಂಗತ್ತಿನಲ್ಲಿ ಅಡ್ಡ ಹಾಯಿಸಿ ಯು ಪಿನ್ನಿನಿಂದ ಸಿಕ್ಕಿಸಿ, ಅಲ್ಲಿ ಒಂದು ಗೇಣು ಅಬ್ಬಲಿಗೆ ಮುಡಿದರೆ ಬಹಳ ಚೆನ್ನಾಗಿ ಕಾಣುತ್ತದೆ. ಆರಂಭದಲ್ಲಿ ನನಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು, ಈಗ ಹತ್ತು ನಿಮಿಷ ಸಾಕು. ಆದುದರಿಂದ ಮೊದಲ ಪ್ರಯತ್ನಗಳನ್ನು ಆಫೀಸಿನ ಬೆಳಗ್ಗೆ ಮಾಡದೆ ಭಾನುವಾರಕ್ಕೆ ಇಟ್ಟುಕೊಳ್ಳಿ. ಬಿಚ್ಚುವಾಗ ತುದಿಯಿಂದ ಮೇಲಕ್ಕೆ ಬೆರಳಿನಿಂದಲೇ ಬಿಡಿಸಿ, ಪೂರ್ತಿ ಬಿಚ್ಚಿದ ಮೇಲೆ ಮಾತ್ರ ಬಾಚಣಿಗೆ ಹಾಕಿ. ಭಾನುವಾರ ಹೆಣೆದ ಮೇಲೆ ಹಿಂಭಾಗದ ಫೋಟೊವನ್ನು ಇಲ್ಲಿ ಹಾಕಿದರೆ, ಯಾವ ಪದರದಲ್ಲಿ ಸಡಿಲ ಬಂದಿದೆ ಎಂದು ನೋಡಿ ಹೇಳುತ್ತೇನೆ.